ಗಂಜಿ ಹಾಕಿದ ಬಟ್ಟೆ

ಆರ್ಟೀಸಿಯಾ
೫ ಫೆಬ್ರವರಿ ೨೦೨೩

ಪೂಜ್ಯ ಮೈಥಿಲಿ ಅಮ್ಮನವರಿಗೆ,

ಲೂರ್ದಮ್ಮನ ನಮಸ್ಕಾರಗಳು. ಲಕೋಟೆಯ ಹಿಂದೆ ನನ್ನ ಹೆಸರು ಬರೆದಿಲ್ಲ. ಬರೆದಿದ್ದರೆ ನೀವು ಒಡೆಯುತ್ತಿರಲಿಲ್ಲ. ಫೋನ್ ಮಾಡೋಣವೆಂದರೆ ನಿಮಗೆ ಕಿವಿ ಪೂರ್ತಿ ಮಂದವಾಗಿದೆ, ಮಿಷನ್ ಇಟ್ಟುಕೊಂಡರೂ ಫೋನಿನ ಮಾತು ತಿಳಿಯುವುದಿಲ್ಲ ಎಂದು ನಿಮ್ಮ ಮಗ ಚಿನ್ಮಯ್ ಅವರು ಹೇಳಿದರು. ಸ್ಯಾನ್ ಡಿಯಾಗೋ ಮನೆಯ ವಿಳಾಸ ಕೊಟ್ಟವರೂ ಅವರೇ. ಅವರನ್ನು ಬಯ್ಯಬೇಡಿ.

ನಾನೀಗ ಪಯೊನೀರ್ ಬುಲೆವಾರ್ಡಿನ ಒಂದು ಸ್ವೀಟ್ ಅಂಗಡಿಯಲ್ಲಿ ಅಡುಗೆಗಿದ್ದೇನೆ. ಸೆರಿಟೋಸಿನ ನಿಮ್ಮ ಮನೆಯಲ್ಲಿ ಹತ್ತು ವರ್ಷ ಅಡುಗೆ ಮಾಡಿದವಳು, ನಿಮ್ಮ ಯಜಮಾನರು ಪಾಂಡುರಂಗ ಸಾರ್ ತೀರಿಕೊಂಡ ಮೂರನೆಯ ದಿನ ನೀವು ಬಾಗಿಲಲ್ಲಿ ನಿಂತು ಹೇಳಿದ ಮಾತು ಕೇಳಿಸಿಕೊಂಡು ಹೊರಟವಳು, ಎರಡು ವರ್ಷ ಸುಮ್ಮನಿದ್ದು ಈಗ ಯಾಕೆ ಬರೆಯುತ್ತಾಳೆ ಎಂದು ನಿಮಗೆ ಅನ್ನಿಸಬಹುದು. ಕಾರಣವಿದೆ.

ಇವತ್ತು ನಮ್ಮ ದೇವಾಲಯದಲ್ಲಿ ಪೂಜೆ ಮುಗಿದ ಮೇಲೆ ಫಾದರ್ ಮಿಗೆಲ್ ಒಂದು ಕಾಗದ ಓದಿದರು. ನಮ್ಮ ಪವಿತ್ರ ವಸ್ತ್ರದ ವಿಷಯ ನಿಮಗೆ ಗೊತ್ತೇ ಇದೆ. ಅಂಗೈ ಅಗಲ, ಮೊಳದುದ್ದದ ಲಿನನ್ ತುಂಡು. ಪ್ರಭುವನ್ನು ಸಮಾಧಿಯಲ್ಲಿ ಇಟ್ಟಾಗ ಸುತ್ತಿದ ಬಟ್ಟೆಯದು ಎಂದು ಯೂರೋಪಿನ ಒಬ್ಬ ಸ್ವಾಮಿಗಳು ನೂರು ವರ್ಷದ ಹಿಂದೆ ತಂದದ್ದು. ಅದರ ನಾಲ್ಕು ಎಳೆಗಳನ್ನು ಹೋದ ವರ್ಷ ಪರೀಕ್ಷೆಗೆ ತೆಗೆದುಕೊಂಡು ಹೋಗಿದ್ದರು. ಆ ಎಳೆಗಳಲ್ಲಿ ಅಕ್ಕಿಯ ಅಂಶ ಸಿಕ್ಕಿದೆಯಂತೆ. ಕಂಡುಹಿಡಿದವರು ಸ್ಯಾನ್ ಡಿಯಾಗೋದ ಡಾಕ್ಟರ್ ಮೈಥಿಲಿ ಎಂದು ಓದಿದಾಗ ನನ್ನ ಕೈಯಲ್ಲಿದ್ದ ಜಪಮಾಲೆ ನೆಲಕ್ಕೆ ಬಿತ್ತು.

ಜನಕ್ಕೆ ಸಂತೋಷವೋ ಸಂತೋಷ. ಪ್ರಭುವಿನ ಶಿಷ್ಯರಾದ ಸಂತ ತೋಮರು ಇಂಡಿಯಾಕ್ಕೆ ಹೋಗುವಾಗ ಈ ಬಟ್ಟೆ ಒಯ್ದಿರಬೇಕು, ಅಲ್ಲಿ ಅಕ್ಕಿ ಸೋಕಿರಬೇಕು, ಹಾಗಾದರೆ ಇದು ನಿಜವಾದದ್ದೇ ಎಂದು ಫಾದರ್ ಹೇಳಿದರು. ಮೆಕ್ಸಿಕೋದ ಹೆಂಗಸರು ನನ್ನನ್ನು ತಬ್ಬಿಕೊಂಡು, "ನಿಮ್ಮ ದೇಶದ ಅಕ್ಕಿ, ಲೂರ್ದಸ್!" ಎಂದರು.

ಅಮ್ಮ, ನಾನು ಅಲ್ಲಿ ಬಲಿಪೀಠದ ಬಟ್ಟೆ ಒಗೆಯುವ ಸೇವೆ ಮಾಡುವವಳು. ಓದಿದ್ದು ಏಳನೇ ಕ್ಲಾಸು. ಅದಕ್ಕೇ ಕೇಳುತ್ತೇನೆ. ಅಕ್ಕಿಗೆ ಎಷ್ಟು ವಯಸ್ಸು ಎಂದು ನಿಮ್ಮ ಸೂಕ್ಷ್ಮದರ್ಶಕದಲ್ಲಿ ಗೊತ್ತಾಗುತ್ತದೆಯೇ? ಮೊನ್ನೆಯ ಅಕ್ಕಿಗೂ ಸಾವಿರ ವರ್ಷದ ಅಕ್ಕಿಗೂ ವ್ಯತ್ಯಾಸ ಕಾಣುತ್ತದೆಯೇ?

ಬಿಡುವಾದಾಗ ಎರಡು ಸಾಲು ಬರೆಯಿರಿ.

ನಿಮ್ಮ ಉಪ್ಪು ತಿಂದ,
ಲೂರ್ದಮ್ಮ


ಸ್ಯಾನ್ ಡಿಯಾಗೋ
೨೦ ಫೆಬ್ರವರಿ ೨೦೨೩

ಶ್ರೀಮತಿ ಲೂರ್ದಮ್ಮನವರಿಗೆ,

ನಿಮ್ಮ ಪತ್ರ ತಲುಪಿತು. ಕೇಳಿರುವ ಪ್ರಶ್ನೆ ಸರಿಯಾದದ್ದು, ಅದಕ್ಕಾಗಿ ಉತ್ತರಿಸುತ್ತಿದ್ದೇನೆ.

ಪಿಷ್ಟದ ಕಣಕ್ಕೆ ವಯಸ್ಸು ಬರೆದಿರುವುದಿಲ್ಲ. ಯಾವ ಧಾನ್ಯದ್ದು ಎಂದು ಆಕಾರ ನೋಡಿ ಹೇಳಬಹುದು. ಅಕ್ಕಿಯ ಕಣ ತೀರ ಸಣ್ಣದು, ಮೂಲೆಮೂಲೆಯಾಗಿರುತ್ತದೆ, ತಪ್ಪುವುದಿಲ್ಲ. ನಾನು ಪುರಾತನ ಮಡಕೆಗಳಲ್ಲಿ ಮೂವತ್ತು ವರ್ಷ ಅದನ್ನೇ ಹುಡುಕಿದವಳು. ಇನ್ನೊಂದು ವಿಷಯ. ವಿಶೇಷ ಬೆಳಕು ಹಾಯಿಸಿ ನೋಡಿದರೆ ಹಸಿ ಅಕ್ಕಿಯ ಪ್ರತಿಯೊಂದು ಕಣದ ನಡುವೆಯೂ ಶಿಲುಬೆಯಂಥ ಕಪ್ಪು ಗೆರೆ ಕಾಣುತ್ತದೆ. ನೀವು ಸಂಭ್ರಮಪಡುವ ಮೊದಲೇ ಹೇಳಿಬಿಡುತ್ತೇನೆ: ಆಲೂಗಡ್ಡೆಯಲ್ಲೂ ಕಾಣುತ್ತದೆ. ಬೇಯಿಸಿದರೆ ಆ ಶಿಲುಬೆ ಅಳಿಸಿಹೋಗುತ್ತದೆ. ನಿಮ್ಮ ವಸ್ತ್ರದ ಎಳೆಗಳಲ್ಲಿ ಹತ್ತಕ್ಕೆ ಒಂಬತ್ತು ಕಣಗಳಲ್ಲಿ ಅದು ಅಳಿಸಿದೆ. ಎಂದರೆ ಬೆಂದ ಅಕ್ಕಿ. ಯಾರೋ ಗಂಜಿ ಹಾಕಿದ್ದಾರೆ.

ಈಗಿರುವ ವಾದ ಇಷ್ಟು. ಲಾಸ್ ಏಂಜಲೀಸಿನ ಒಬ್ಬ ಪ್ರೊಫೆಸರ್ ಎಳೆಗಳ ಕಾರ್ಬನ್ ಪರೀಕ್ಷೆ ಮಾಡಿಸಿ, ಬಟ್ಟೆಗೆ ಸುಮಾರು ಆರುನೂರು ವರ್ಷ, ಯೇಸುವಿನ ಕಾಲದ್ದಲ್ಲ ಎಂದಿದ್ದಾರೆ. ದೇವಾಲಯದ ಸಮಿತಿಯವರು, ಗಂಜಿ ಬಟ್ಟೆಗಿಂತ ಹೊಸದು, ಅದು ಸೇರಿಕೊಂಡು ಲೆಕ್ಕ ತಪ್ಪಿದೆ ಎನ್ನುತ್ತಾರೆ. ನನ್ನ ವಾದ ಎರಡೂ ಅಲ್ಲ. ಆರುನೂರು ವರ್ಷದ ಹಿಂದೆ ಯೂರೋಪಿನಲ್ಲಿ ಬಟ್ಟೆಗೆ ಹಾಕುತ್ತಿದ್ದದ್ದು ಗೋಧಿಯ ಅಂಟು. ಅಕ್ಕಿ ಇದೆಯೆಂದರೆ ಬಟ್ಟೆ ಎಂದೋ ಅಕ್ಕಿಯ ನಾಡಿನಲ್ಲಿ, ಬಹುಶಃ ನಮ್ಮ ಕಡೆಯೇ, ಇತ್ತು. ನಿಜವೋ ಸುಳ್ಳೋ ಆಮೇಲಿನ ಮಾತು. ಅದು ಅಲ್ಲಿಗೆ ಹೋಗಿ ಬಂದದ್ದಂತೂ ಹೌದು. ಈ ಬಗ್ಗೆ ಪ್ರಬಂಧ ಬರೆಯುತ್ತಿದ್ದೇನೆ. ಪಾಂಡುರಂಗ ಹೋದ ಮೇಲೆ ನಾನು ಸೂಕ್ಷ್ಮದರ್ಶಕದ ಮುಂದೆ ಕುಳಿತದ್ದು ಇದೇ ಮೊದಲು.

ಬೇರೆ ವಿಷಯಗಳಿಗೆ ಈ ಪತ್ರದಲ್ಲಿ ಜಾಗವಿಲ್ಲ.

ಮೈಥಿಲಿ


ಆರ್ಟೀಸಿಯಾ
೩ ಮಾರ್ಚ್ ೨೦೨೩, ತಪಸ್ಸುಕಾಲದ ಶುಕ್ರವಾರ

ಪೂಜ್ಯ ಅಮ್ಮನವರಿಗೆ,

ನೀವು ಬರೆದದ್ದೇ ದೊಡ್ಡದು. ಶ್ರೀಮತಿ ಎಂದು ಕರೆದಿದ್ದೀರಿ. "ಲೂರ್ದು, ಕಾಫಿಗೆ ನೀರಿಡೇ" ಎನ್ನುತ್ತಿದ್ದ ಬಾಯಿ. ಇರಲಿ. ನನಗೆ ಸಲ್ಲಬೇಕಾದ್ದೇ.

ಗಂಜಿ ಹಾಕಿದ್ದಾರೆ ಎಂದು ಓದಿ ಎರಡು ದಿನ ಅನ್ನ ಸೇರಲಿಲ್ಲ. ನಾನು ಇಲ್ಲಿ ಬಲಿಪೀಠದ ಬಟ್ಟೆಗಳಿಗೆ ಗಂಜಿಯನ್ನೇ ಹಾಕುವುದು. ಸ್ಪ್ರೇ ಡಬ್ಬಿ ತಂದುಕೊಡುತ್ತಾರೆ, ಮುಟ್ಟುವುದಿಲ್ಲ. ಕನಕಪುರದ ಕಡೆಯ ನಮ್ಮೂರಿನಲ್ಲಿ ನಮ್ಮವ್ವ ಕಲಿಸಿದ್ದು ಹಾಗೆ. ತಿಳಿಗಂಜಿ ಬಸಿದು, ಆರಿಸಿ, ಬಟ್ಟೆಯಲ್ಲಿ ಸೋಸಿ, ಅದ್ದಿ, ಹಿಂಡದೆ ನೆರಳಿಗೆ ಹಾಕಬೇಕು. ಪರಮಪ್ರಸಾದದ ರೊಟ್ಟಿಯಾಗಿ ಪ್ರಭುವಿನ ಮೈ ಮಲಗುವ ಬಟ್ಟೆಯಲ್ಲಿ ಒಂದು ಸುಕ್ಕೂ ಇರಬಾರದು ಎನ್ನುತ್ತಿದ್ದಳು. ಮೊದಲು ಜಾಲಿಸಿದ ನೀರನ್ನು ಚರಂಡಿಗೆ ಬಿಡಬಾರದು, ಮಣ್ಣಿಗೆ ಹುಯ್ಯಬೇಕು.

ಇಲ್ಲಿ ಹೊಸ ಭಕ್ತಿ ಶುರುವಾಗಿದೆ. ಜನ ಪವಿತ್ರ ವಸ್ತ್ರದ ಗಾಜಿನ ಪೆಟ್ಟಿಗೆಯ ಮುಂದೆ ಹಿಡಿ ಹಿಡಿ ಅಕ್ಕಿ ತಂದಿಡುತ್ತಾರೆ. ಹೋಗುವಾಗ ಚಿಟಿಕೆ ಅಕ್ಕಿ ಕರವಸ್ತ್ರದಲ್ಲಿ ಕಟ್ಟಿಕೊಂಡು ಹೋಗುತ್ತಾರೆ. ರಿವರ್‌ಸೈಡಿನಿಂದ ಒಬ್ಬ ಹೆಂಗಸು ವಾರಕ್ಕೆರಡು ಸಲ ಬರುತ್ತಾಳೆ. ಗಂಡನಿಗೆ ಕಿಡ್ನಿ ಕೆಟ್ಟು ಡಯಾಲಿಸಿಸ್. ಬಾಗಿಲಿನಿಂದ ಮೊಣಕಾಲಲ್ಲಿ ನಡೆದು ಬರುತ್ತಾಳೆ. ಸಂಜೆ ಆ ಅಕ್ಕಿಯನ್ನು ಗುಡಿಸುವವಳು ನಾನು. ಕಾಲಡಿಗೆ ಸಿಕ್ಕರೆ ನುಚ್ಚಾಗುತ್ತದೆ ಎಂದು ಕೈಯಲ್ಲೇ ಬಳಿಯುತ್ತೇನೆ.

ಹೋದ ಶನಿವಾರ ಪಾಪನಿವೇದನೆಗೆ ಹೋಗಿ ಫಾದರ್ ಮಿಗೆಲ್ ಮುಂದೆ ಒಂದು ಮಾತು ಹೇಳಿದೆ. ಏನು ಎಂದು ಇಲ್ಲಿ ಬರೆಯಲಾರೆ. ನಿಮಗೆ ನಮ್ಮ ಪದ್ಧತಿ ಗೊತ್ತೋ ಇಲ್ಲವೋ. ಅಲ್ಲಿ ಕೇಳಿದ್ದನ್ನು ಗುರುಗಳು ಇನ್ನೆಲ್ಲೂ ಆಡುವಂತಿಲ್ಲ, ತಲೆ ಹೋದರೂ. ಕೇಳಿದ್ದನ್ನು ನೆಪ ಮಾಡಿಕೊಂಡು ಒಂದು ಹೆಜ್ಜೆ ಆಚೆ ಈಚೆ ಇಡುವಂತೆಯೂ ಇಲ್ಲ. ಅವರು, "ಇದನ್ನು ಹೊರಗೆ ಬಂದು ಹೇಳು, ಮಗಳೇ" ಎಂದರು. ನನ್ನಿಂದ ಆಗಲಿಲ್ಲ. ಹೇಳಿದರೆ ನನ್ನ ಹತ್ತಿರವಿರುವ ದೇವಾಲಯದ ಬೀಗದ ಕೈ ಕಿತ್ತುಕೊಳ್ಳುತ್ತಾರೆ. ಗಂಡ ಇಲ್ಲ, ಮಕ್ಕಳಾಗಲಿಲ್ಲ. ಈ ದೇಶದಲ್ಲಿ ನನ್ನದು ಎನ್ನಲು ಇರುವುದು ಆ ಬಟ್ಟೆ ಒಗೆಯುವ ಕೆಲಸ ಒಂದೇ.

ಮಾರನೆಯ ದಿನ, ಭಾನುವಾರ, ಅವರು ಸಂತ ತೋಮರ ಮಾತೇ ಎತ್ತಲಿಲ್ಲ. ಜನ ಯಾಕೆ ಎಂದು ಪಿಸುಗುಡುತ್ತಿದ್ದಾರೆ.

ನನಗಾಗಿ ಪ್ರಾರ್ಥಿಸಿ ಎಂದು ನಿಮಗೆ ಹೇಳುವಂತಿಲ್ಲ. ಬಯ್ಯದೆ ಇರಿ, ಸಾಕು.

ಲೂರ್ದಮ್ಮ


ಸ್ಯಾನ್ ಡಿಯಾಗೋ
೧೭ ಮಾರ್ಚ್ ೨೦೨೩

ಲೂರ್ದಮ್ಮನವರಿಗೆ,

ನಿಮ್ಮ ಫಾದರ್ ಮಿಗೆಲ್ ವಿಚಿತ್ರ ಮನುಷ್ಯ. ಏಪ್ರಿಲ್ ೨೨ರ ಶನಿವಾರ ದೇವಾಲಯದ ಹಾಲ್‌ನಲ್ಲಿ ಸಭೆ. ಪ್ರೊಫೆಸರ್ ಒಂದು ಕಡೆ, ನಾನು ಒಂದು ಕಡೆ. ನಾಲ್ಕು ಈಮೇಲ್ ಬರೆದೆ. ಹೂಂ ಎನ್ನುವುದಿಲ್ಲ, ಉಹೂಂ ಎನ್ನುವುದಿಲ್ಲ. ಮೊದಲು ಕುಣಿದಾಡುತ್ತಿದ್ದವರು ಈಗ ವಿಜ್ಞಾನಕ್ಕೆ ಹೆದರಿದರೋ ಏನೋ. ಸಮಿತಿಯವರು ಮಾತ್ರ ಹುಮ್ಮಸ್ಸಿನಲ್ಲಿದ್ದಾರೆ.

ಪ್ರೊಫೆಸರು ನನ್ನನ್ನು ಕೆಣಕಿ ಬರೆದಿದ್ದಾರೆ: "ಮೇಡಂ, ಅಕ್ಕಿ ಇಂಡಿಯಾದ್ದೇ ಆಗಬೇಕೆಂದು ಕಣ ಹೇಳಿತೇ, ನೀವು ಹೇಳಿದಿರಾ?" ಎಪ್ಪತ್ತರ ಹತ್ತಿರ ಬಂದವಳಿಗೆ ಇಂಥ ಮಾತು. ಎದುರಿಗೇ ಉತ್ತರ ಕೊಡುತ್ತೇನೆ.

ಒಂದು ಪ್ರಶ್ನೆ, ರೂಢಿಗೆ ಕೇಳುವಂಥದ್ದು. ಪೆಟ್ಟಿಗೆಯ ಮೇಣದ ಮುದ್ರೆ ಬಂದಂದಿನಿಂದ ಹಾಗೇ ಇತ್ತು, ಎಳೆ ತೆಗೆಯಲೆಂದೇ ಮೊದಲ ಬಾರಿ ಒಡೆದದ್ದು ಎಂದು ಸಮಿತಿ ಬರೆದುಕೊಟ್ಟಿದೆ. ನೀವು ಆ ಪೆಟ್ಟಿಗೆಯ ಆಸುಪಾಸಿನಲ್ಲೇ ಓಡಾಡುವವರು. ಅದಕ್ಕೆ ಮೊದಲು ಯಾರಾದರೂ ಪೆಟ್ಟಿಗೆ ತೆರೆದದ್ದು ನಿಮಗೆ ಗೊತ್ತೇ?

ಮೈಥಿಲಿ


ಆರ್ಟೀಸಿಯಾ
೮ ಏಪ್ರಿಲ್ ೨೦೨೩, ಪವಿತ್ರ ಶನಿವಾರ

ಅಮ್ಮ,

ಮೂರು ವಾರ ನಿಮ್ಮ ಪ್ರಶ್ನೆಗೆ ಉತ್ತರ ಬರೆಯದೆ ಕುಳಿತೆ. ಇಂದು ದೇವಾಲಯದಲ್ಲಿ ದೀಪವಿಲ್ಲ, ಬಲಿಪೀಠದ ಮೇಲೆ ಬಟ್ಟೆಯಿಲ್ಲ. ಪ್ರಭು ಸಮಾಧಿಯಲ್ಲಿರುವ ದಿನ. ಇಂದು ಹೇಳದಿದ್ದರೆ ನಾಳೆ, ಪ್ರಭು ಎದ್ದುಬಂದ ಪಾಸ್ಕ ಹಬ್ಬದ ಪರಮಪ್ರಸಾದ ನನ್ನ ಬಾಯಿಗೆ ಬರಕೂಡದು.

ಪೆಟ್ಟಿಗೆ ತೆರೆದವಳು ನಾನು.

೨೦೨೧ರ ಜನವರಿ. ಕೊರೊನಾಕ್ಕೆ ದೇವಾಲಯ ಮುಚ್ಚಿ, ಪೂಜೆ ಪಾರ್ಕಿಂಗ್ ಲಾಟಿನಲ್ಲಿ ನಡೆಯುತ್ತಿತ್ತು. ಪಾಂಡುರಂಗ ಸಾರ್‌ಗೆ ಆಕ್ಸಿಜನ್ ಹಚ್ಚಿದ್ದರು. ಡಾಕ್ಟರು ಇನ್ನೇನೂ ಮಾಡುವಂತಿಲ್ಲ ಎಂದು ಮನೆಗೆ ಕಳಿಸಿದ್ದರು. ನಮ್ಮೂರಿನಲ್ಲಿ ಒಂದು ವಾಡಿಕೆ. ಪವಿತ್ರ ವಸ್ತುವಿಗೆ ಒಂದು ದಾರ ಮುಟ್ಟಿಸಿ ತಂದು ಕಾಯಿಲೆಯವರ ತಲೆದಿಂಬಿನ ಕೆಳಗೆ ಇಡುತ್ತಾರೆ. ಹಾಗೆ ಮುಟ್ಟಿಸಲೆಂದು ನೂಲಿನ ಉಂಡೆ ಹಿಡಿದು ಹೋದೆ. ಆ ತಿಂಗಳ ಕೊನೆಯಲ್ಲಿ ಮಳೆ ಬಂದಿತ್ತಲ್ಲ, ಸೂರು ಸೋರಿ ನೀರು ಪೆಟ್ಟಿಗೆಯ ಮೇಲೆ ಇಳಿದಿತ್ತು. ಮೇಣದ ಮುದ್ರೆ ತಾನೇ ಕಳಚಿ ಬಿದ್ದಿತ್ತು. ಒಳಗೆ ಪವಿತ್ರ ವಸ್ತ್ರ ಬೂಷ್ಟು ಹಿಡಿದು ಗಾಜಿಗೆ ಅಂಟಿಕೊಂಡಿತ್ತು, ಅಮ್ಮ. ಪ್ರಭುವಿನ ಮೈ ಸುತ್ತಿದ ಬಟ್ಟೆ, ಹಳಸಿದ ರೊಟ್ಟಿಯ ಹಾಗೆ ಹಸಿರು.

ಯಾರಿಗಾದರೂ ಹೇಳಬೇಕಿತ್ತು. ಫಾದರ್ ಜ್ವರ ಬಂದು ಒಂದು ಕೋಣೆಯಲ್ಲಿ ಒಬ್ಬರೇ ಇದ್ದರು. ನನಗೆ ತೋಚಿದ್ದು ಒಂದೇ. ಮಲಗಿರುವವರ ಬಟ್ಟೆ ಕೊಳೆಯಾದರೆ ಒಗೆಯಬೇಕು. ಗಾಜಿನಿಂದ ಬಿಡಿಸುವಾಗ ಅಂಚಿನ ಒಂದು ಎಳೆ ಕಿತ್ತು ಬಂತು. ಅದನ್ನು ನನ್ನ ಜಪದ ಪುಸ್ತಕದೊಳಗಿಟ್ಟೆ. ಬಟ್ಟೆಯನ್ನು ಸೆರಿಟೋಸ್ ಮನೆಗೆ ತಂದು ತಣ್ಣೀರಿನಲ್ಲಿ ಅಂಟುವಾಳದ ನೊರೆ ಮಾಡಿ ಮೆಲ್ಲಗೆ ಅದ್ದಿ ಅದ್ದಿ ತೆಗೆದೆ. ಜಾಲಿಸಿದ ನೀರನ್ನು ನಿಮ್ಮ ನಿಂಬೆ ಗಿಡದ ಬುಡಕ್ಕೆ ಹುಯ್ದೆ. ಒಲೆಯ ಮೇಲೆ ಸಾರ್‌ಗೆಂದು ಮೆತ್ತಗೆ ಬೇಯಿಸಿದ ಅನ್ನವಿತ್ತು. ಅದರದೇ ಗಂಜಿ ಬಸಿದು ಹಾಕಿದೆ. ಮಾರನೆಯ ದಿನ ಮಡಿಕೆ ಸರಿಯಾಗಿ ಮಡಿಸಿ ಇಟ್ಟು ಬಂದೆ. ಮುದ್ರೆಯ ಮೇಣವನ್ನು ಚಮಚ ಕಾಯಿಸಿ ಅಂಟಿಸಿದೆ. ಒಗೆದದ್ದು ಪಾಪವೋ ಅಲ್ಲವೋ ಗೊತ್ತಿಲ್ಲ. ಆ ಚಮಚ ಕಾಯಿಸಿದ್ದು ಪಾಪ. ಅದು ಆಗಲೇ ಗೊತ್ತಿತ್ತು.

ಆಮೇಲೆ ಆ ಎಳೆಯನ್ನು ಸಾರ್ ತಲೆದಿಂಬಿನ ಕೆಳಗಿಟ್ಟೆ. ಅದು ನಿಮಗೆ ಸಿಕ್ಕಿತು. "ಸಾಯೋ ಮನುಷ್ಯನ ಮೇಲೆ ನಿನ್ನ ಮತ ಹೇರ್ತೀಯಾ? ಕಸದ ಬುಟ್ಟಿಗೆ ಹಾಕಿದೀನಿ, ನೀನೂ ಹೊರಡು" ಎಂದಿರಿ.

ಹೀಗಾಗಿ ನೀವು ಕಂಡ ಅಕ್ಕಿ ಸಂತ ತೋಮರ ಕಾಲದ್ದಲ್ಲ. ನೀವೇ ಪಯೊನೀರ್ ಬುಲೆವಾರ್ಡಿನಿಂದ ತಂದ ಸೋನಾ ಮಸೂರಿ. ಕಣದೊಳಗೆ ಶಿಲುಬೆ ಇತ್ತಂತಲ್ಲ, ಅದನ್ನು ಬೇಯಿಸಿ ಅಳಿಸಿದವಳೂ ನಾನೇ.

ಸುಮ್ಮನಿರಬಹುದಿತ್ತು. ನಿಮ್ಮ ಪ್ರಬಂಧ ಬರುತ್ತಿತ್ತು, ನಮ್ಮ ಜನರ ನಂಬಿಕೆ ಉಳಿಯುತ್ತಿತ್ತು, ಬೀಗದ ಕೈ ನನ್ನ ಸೊಂಟದಲ್ಲೇ ಇರುತ್ತಿತ್ತು. ಆದರೆ ನಿನ್ನೆ ರಿವರ್‌ಸೈಡಿನ ಹೆಂಗಸು ಬಂದು, ಗುರುವಾರ ಗಂಡನನ್ನು ಡಯಾಲಿಸಿಸ್‌ಗೆ ಕರೆದುಕೊಂಡು ಹೋಗಲಿಲ್ಲ, ಈ ಅಕ್ಕಿಯ ಗಂಜಿ ಕುಡಿಸಿದೆ, ಪವಿತ್ರ ವಾರದಲ್ಲಿ ಪ್ರಭುವೇ ನೋಡಿಕೊಳ್ಳುತ್ತಾನೆ ಎಂದಳು. ಗಂಡ ಕಾರಿನಲ್ಲಿ ಮುಖ ಊದಿಕೊಂಡು ಕೂತಿದ್ದ. ಅವಳ ತೋಳು ಹಿಡಿದು, ನನಗೆ ಬರುವ ಅರ್ಧಂಬರ್ಧ ಇಂಗ್ಲಿಷಿನಲ್ಲಿ, "ಅಕ್ಕಿ ನಂದು, ಬರೀ ಅಕ್ಕಿ, ಆಸ್ಪತ್ರೆಗೆ ಹೋಗು" ಎಂದು ಕೂಗಿದೆ. ನನಗೆ ಹುಚ್ಚು ಹಿಡಿದಿದೆ ಎಂದುಕೊಂಡಳು.

೨೨ಕ್ಕೆ ನೀವು ಎದ್ದು ನಿಂತು ಆಡುವ ಮೊದಲು ಇದು ನಿಮಗೆ ತಲುಪಲಿ.

ತಪ್ಪಿತಸ್ಥೆ,
ಲೂರ್ದಮ್ಮ


ಸ್ಯಾನ್ ಡಿಯಾಗೋ
೧೩ ಏಪ್ರಿಲ್ ೨೦೨೩

ಲೂರ್ದು,

ಮೊದಲು ಆ ಹೆಂಗಸನ್ನು ಹುಡುಕು. ಫಾದರ್‌ಗೆ ಹೇಳಿ ಯಾರನ್ನಾದರೂ ಅವರ ಮನೆಗೆ ಕಳಿಸು. ಮಿಕ್ಕದ್ದೆಲ್ಲ ಆಮೇಲೆ.

ನೀನು ಹೇಳಿದ್ದನ್ನು ನಾನು ನಂಬಿದೆನೆಂದರೆ ಸಾಲದು, ನೋಡಬೇಕು. ನೋಡಿದೆ. ಆ ಎಳೆಯನ್ನು ನಾನು ಕಸದ ಬುಟ್ಟಿಗೆ ಹಾಕಿರಲಿಲ್ಲ. ಹಾಗೆಂದು ನಿನಗೆ ಹೇಳಿದ್ದಷ್ಟೇ. ಒಂದು ಲಕೋಟೆಯಲ್ಲಿಟ್ಟು ತಾರೀಖು ಬರೆದಿದ್ದೆ. ಯಾಕೆ ಇಟ್ಟೆ ಎಂದು ಕೇಳಬೇಡ. ನಿನ್ನೆ ಅದನ್ನು ಸೂಕ್ಷ್ಮದರ್ಶಕಕ್ಕೆ ಸ್ಲೈಡ್ ಮಾಡಿ ನೋಡಿದೆ. ಅದೇ ಅಗಸೆ ನಾರಿನ ಲಿನನ್, ಅದೇ ಹುರಿ. ಬೂಷ್ಟಿದೆ. ಅಕ್ಕಿಯ ಕಣ ಒಂದೂ ಇಲ್ಲ. ನೀನು ಗಂಜಿ ಹಾಕುವ ಮೊದಲೇ ಕಿತ್ತು ಬಂದ ಎಳೆ ಅದು. ನಿನ್ನ ಮಾತಿಗೆ ಇನ್ನು ಬೇರೆ ಸಾಕ್ಷಿ ಬೇಡ.

ನಿನಗೆ ಒಂದು ಆಸೆ ಇರಬಹುದು, ಅದನ್ನೂ ಮು‌ರಿದುಬಿಡುತ್ತೇನೆ. ನಿನ್ನ ಗಂಜಿಯಿಂದ ಬಟ್ಟೆಯ ವಯಸ್ಸು ತಪ್ಪಾಗಿಲ್ಲ. ಪರೀಕ್ಷೆಗೆ ಮೊದಲು ಎಳೆಗಳನ್ನು ಆಮ್ಲದಲ್ಲಿ ತೊಳೆದು ಪಿಷ್ಟವನ್ನೆಲ್ಲ ಕಳೆದಿರುತ್ತಾರೆ. ಪ್ರೊಫೆಸರರ ಟಿಪ್ಪಣಿ ತರಿಸಿ ಓದಿದೆ, ಚೊಕ್ಕಟವಾಗಿ ಮಾಡಿದ್ದಾರೆ. ಆರುನೂರು ವರ್ಷವೇ.

ಇನ್ನು ನನ್ನ ವಿಷಯ. ಬೆಂದ ಪಿಷ್ಟ ನೂರಾರು ವರ್ಷ ಅಷ್ಟು ನೀಟಾಗಿ ಉಳಿಯುವುದಿಲ್ಲ. ಅದು ನನ್ನ ವಿದ್ಯಾರ್ಥಿಗೂ ಗೊತ್ತು. ಹಳೆಯದು ಎಂದು ನಾನು ಬರೆದದ್ದು ಕಂಡದ್ದರಿಂದಲ್ಲ, ಬೇಕಾಗಿದ್ದರಿಂದ. ನನ್ನ ಅಡುಗೆಮನೆಯ ಅಕ್ಕಿಯನ್ನೇ ನಾನು ಚರಿತ್ರೆ ಎಂದೆ.

ಸಭೆಗೆ ಬರುತ್ತೇನೆ, ಸತ್ಯ ಹೇಳುತ್ತೇನೆ. ನಿನ್ನ ಹೆಸರು ಹೇಳುವುದಿಲ್ಲ. "ಈಚೆಗೆ ಯಾರೋ ಒಗೆದಿದ್ದಾರೆ" ಎಂದರೆ ಸಾಕು.

ಮೈಥಿಲಿ


ಆರ್ಟೀಸಿಯಾ
೩೦ ಏಪ್ರಿಲ್ ೨೦೨೩

ಅಮ್ಮ,

ಮೊದಲು ನೀವು ಕೇಳಿದ್ದು. ರಿವರ್‌ಸೈಡಿನವನನ್ನು ಪಾಸ್ಕ ಹಬ್ಬದ ದಿನವೇ ಎಮರ್ಜೆನ್ಸಿಗೆ ಸೇರಿಸಿದ್ದರಂತೆ. ಬದುಕಿದ್ದಾನೆ, ಡಯಾಲಿಸಿಸ್ ತಪ್ಪಿಸುತ್ತಿಲ್ಲ. ಅವಳು ನನ್ನನ್ನು ಕಂಡರೆ ರಸ್ತೆ ದಾಟಿಬಿಡುತ್ತಾಳೆ.

ಸಭೆಯಲ್ಲಿ ನೀವು "ಯಾರೋ" ಎಂದಾಗ ನಾನು ಯಾಕೆ ಎದ್ದು ನಿಂತೆ ಎಂದು ಚಿನ್ಮಯ್ ಅವರು ಕಾರ್ ಹತ್ತುವಾಗ ಕೇಳಿದರು. ಯಾರೋ ಎಂದರೆ ಇನ್ನೂರು ಜನ ಒಬ್ಬರ ಮುಖ ಒಬ್ಬರು ನೋಡಿಕೊಳ್ಳಲು ಶುರು ಮಾಡಿದರು. ಬಾಗಿಲು ಕಾಯುವ ಮುದುಕನನ್ನು ನೋಡಿದರು. ಅವನು ಪಾಪ, ಬೆವರಿಬಿಟ್ಟ. ಕೂತಿರಲು ಆಗಲಿಲ್ಲ.

ಆಮೇಲಿನ ಗದ್ದಲ ನಿಮಗೆ ಕೇಳಿಸಲಿಲ್ಲ. ಕೇಳಿಸದೆ ಇದ್ದದ್ದೇ ಒಳ್ಳೆಯದಾಯಿತು, ಆದರೂ ಹೇಳುತ್ತೇನೆ. ಸಮಿತಿಯ ಹೆಂಗಸು, "ದೇವರ ವಸ್ತ್ರವನ್ನು ಅಡುಗೆಮನೆ ಸಿಂಕಿನಲ್ಲಿ ಒಗೆದಳಂತೆ, ಚಡ್ಡಿ ಒಗೆದ ಹಾಗೆ!" ಎಂದಳು. ಹಿಂದಿನಿಂದ ಒಬ್ಬ ಅಜ್ಜ, "ಇಷ್ಟು ವರ್ಷಕ್ಕೆ ಅದನ್ನು ಒಗೆಯಬೇಕು ಅನ್ನಿಸಿದ್ದು ಇವಳಿಗೊಬ್ಬಳಿಗೇ" ಎಂದ. ಕೆಲವರು ನಕ್ಕರು. ಪ್ರೊಫೆಸರು ನಗಲಿಲ್ಲ. ನನ್ನ ಹತ್ತಿರ ಬಂದು ಯಾವ ಅಕ್ಕಿ, ಎಷ್ಟು ಹೊತ್ತು ಬೇಯಿಸಿದಿರಿ ಎಂದು ಕೇಳಿ ಪುಸ್ತಕದಲ್ಲಿ ಬರೆದುಕೊಂಡರು. ಫಾದರ್ ಮಿಗೆಲ್ ಎಲ್ಲರ ಎದುರಿಗೆ, "ಲೂರ್ದಸ್, ನೀನು ಹೇಳಿದ್ದು ನಿಜವೇ?" ಎಂದು ಕೇಳಿದರು, ಅದೇ ಮೊದಲು ಕೇಳುತ್ತಿರುವವರ ಹಾಗೆ. ಹೌದು ಎಂದೆ. ಅವರು ಕುರ್ಚಿಯ ಬೆನ್ನು ಹಿಡಿದುಕೊಂಡರು. ಎಂಟು ವಾರ ಆ ಭಾರ ಹೊರಿಸಿದವಳು ನಾನು.

ಬೀಗದ ಕೈ ಕೊಟ್ಟುಬಿಟ್ಟೆ. ಈಗ ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ. ಬಲಿಪೀಠದ ಬಟ್ಟೆಗೆ ಸ್ಪ್ರೇ ಹೊಡೆಯುತ್ತಿದ್ದಾರೆ, ಮೂಲೆಗಳು ಸುರುಟಿಕೊಂಡಿರುವುದು ಅಲ್ಲಿಂದಲೇ ಕಾಣುತ್ತದೆ. ಕಣ್ಣು ಮುಚ್ಚಿಕೊಳ್ಳುತ್ತೇನೆ.

ಪವಿತ್ರ ವಸ್ತ್ರವನ್ನು ಒಳಗೆ ಎತ್ತಿಟ್ಟಿದ್ದಾರೆ. "ನಾನು ನಂಬಿರುವುದು ಪ್ರಭುವನ್ನು, ಬಟ್ಟೆಯನ್ನಲ್ಲ" ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ.  ನಿಮ್ಮ ಹತ್ತಿರ ಸುಳ್ಳು ಯಾಕೆ? ಬಟ್ಟೆಯನ್ನೂ ನಂಬಿದ್ದೆ. ನಾನು ಅದನ್ನು ಅಷ್ಟು ಮೆಲ್ಲಗೆ ನೀರಿಗೆ ಅದ್ದಿದ್ದು ಆರುನೂರು ವರ್ಷದ ಯಾರದೋ ಬಟ್ಟೆ ಎಂದಲ್ಲ.

ಒಂದು ಮಾತು. ಆ ಎಳೆ ನನ್ನದೂ ಅಲ್ಲ, ನಿಮ್ಮದೂ ಅಲ್ಲ, ದೇವಾಲಯದ್ದು. ಹಳೆಯದೋ ಹೊಸದೋ, ನಾನು ಕಿತ್ತು ತಂದದ್ದು. ಫಾದರ್‌ಗೆ ಕಳಿಸಿಕೊಡಿ.

ನಿಮ್ಮ ಪ್ರಬಂಧ ನನ್ನಿಂದ ಹಾಳಾಯಿತು. ಅದಕ್ಕೆ ಏನು ಬರೆಯಬೇಕೋ ತಿಳಿಯದು.

ಲೂರ್ದು


ಸ್ಯಾನ್ ಡಿಯಾಗೋ
೧೧ ಜೂನ್ ೨೦೨೩

ಲೂರ್ದು,

ಪ್ರಬಂಧಕ್ಕೆ ಅಳಬೇಡ. ತಪ್ಪಿದ್ದು ಹೇಗೆ ಎಂದು ಪ್ರೊಫೆಸರೂ ನಾನೂ ಸೇರಿ ಬರೆಯುತ್ತಿದ್ದೇವೆ. ನಿನ್ನ ಹೆಸರು ಹಾಕಲೇ ಎಂದು ಅವರು ಕೇಳಿದರು. ಬೇಡ ಎಂದೆ.

ಎಳೆ ಕಳಿಸಬೇಕು, ನಿಜ. ಆರು ವಾರದಿಂದ ಲಕೋಟೆಗೆ ಸ್ಟ್ಯಾಂಪ್ ಅಂಟಿಸಿ ಮೇಜಿನ ಮೇಲಿಟ್ಟಿದ್ದೇನೆ. ಅದಕ್ಕೆ ಮೊದಲು ನಿನ್ನನ್ನು ಒಂದು ಕೇಳಬೇಕು. ಅವತ್ತು ಬಾಗಿಲಲ್ಲಿ ಕೇಳಲಿಲ್ಲ, ಬರೀ ಬಯ್ದೆ.

ನೀನು ದಿಂಬಿನ ಕೆಳಗೆ ಇಟ್ಟೆ ಎಂದು ಬರೆದಿದ್ದೀ. ನನಗೆ ಅದು ಸಿಕ್ಕಿದ್ದು ದಿಂಬಿನ ಕೆಳಗಲ್ಲ. ಅವರು ಹೋದ ಮೇಲೆ ಕೈ ಜೋಡಿಸಲು ಹೋದಾಗ ಎಡಗೈಯ ಉಂಗುರದ ಬೆರಳಿಗೆ ಸುತ್ತಿತ್ತು. ಮೂರು ಸುತ್ತು. ತುದಿಯನ್ನು ಒಳಗೆ ಸಿಕ್ಕಿಸಿತ್ತು. ಜೀವಮಾನವಿಡೀ ದೇವರ ಕೋಣೆಗೆ ಕಾಲಿಡದ ಮನುಷ್ಯ. ಎಚ್ಚರ ತಪ್ಪಿದವರ ಬೆರಳಿಗೆ ನೀನು ಕಟ್ಟಿದೆ ಎಂದುಕೊಂಡೆ. ಅದಕ್ಕೇ ಅಷ್ಟು ಸಿಟ್ಟು ಬಂದದ್ದು.

ಅವರಿಗೆ ಎಚ್ಚರವಿದ್ದಾಗ ಕಟ್ಟಿದೆಯಾ, ಇಲ್ಲದಿದ್ದಾಗಲಾ? ಇಷ್ಟೇ ಹೇಳು. ಏನಿದ್ದರೂ ಈಗ ಬಯ್ಯುವುದಿಲ್ಲ.

ಮೈಥಿಲಿ


ಆರ್ಟೀಸಿಯಾ
೧೭ ಜೂನ್ ೨೦೨೩

ಅಮ್ಮ,

ನಾನು ಕಟ್ಟಲಿಲ್ಲ.

ಬೆರಳಿಗೆ ಸುತ್ತಿತ್ತು ಎನ್ನುವುದೇ ನನಗೆ ನಿಮ್ಮ ಪತ್ರದಿಂದ ಗೊತ್ತಾದದ್ದು. ಕೂತು ಮೂರು ಸಲ ಓದಿದೆ. ಅಂಗಡಿಯಲ್ಲಿ ಪಾಕ ಗಟ್ಟಿಯಾಗಿ ಹೋಯಿತು.

ನಡೆದದ್ದನ್ನು ಹೇಳುತ್ತೇನೆ. ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೆ, ಆದರೆ ಕೊಟ್ಟವಳು ನಾನು, ಪಡೆದವರು ಈಗ ಇಲ್ಲ, ಕೇಳುತ್ತಿರುವವರು ನೀವು.

ಅವರು ಹೋಗುವ ಹಿಂದಿನ ದಿನ ಮಧ್ಯಾಹ್ನ. ನೀವು ಆಕ್ಸಿಜನ್ ಕಂಪನಿಯವನ ಜೊತೆ ಹೊರಗೆ ಜಗಳವಾಡುತ್ತಿದ್ದಿರಿ. ನಾನು ಗಂಜಿ ಕುಡಿಸಲು ಹೋದೆ. ಅವರು ದಿಂಬಿನ ಕೆಳಗೆ ಕೈ ಹಾಕಿ ಎಳೆ ತೆಗೆದು, "ಲೂರ್ದಮ್ಮ, ಇದೇನಮ್ಮಾ?" ಎಂದರು. ನನಗೆ ಜೀವ ಹೋದಂತಾಯಿತು. ಇಂಥದ್ದು ಎಂದು ಇದ್ದದ್ದು ಇದ್ದಂತೆ ಹೇಳಿದೆ. ನಗುತ್ತಾರೆ ಎಂದುಕೊಂಡೆ. ಎಲ್ ಸೆಗುಂಡೋದಲ್ಲಿ ರಾಕೆಟ್ಟಿನ ಕೆಲಸ ಮಾಡಿದವರು. ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಇದರಿಂದ ವಾಸಿ ಆಗುತ್ತಾ?" ಎಂದರು. "ಗೊತ್ತಿಲ್ಲ ಸಾರ್, ನಮ್ಮ ಕಡೆ ಇಡ್ತಾರೆ" ಎಂದೆ. "ಇರ್ಲಿ ಬಿಡು, ನನ್ನ ಹತ್ರಾನೇ ಇರ್ಲಿ" ಎಂದರು. ಆಮೇಲೆ ಮೂಗಿನ ಕೊಳವೆ ಸರಿ ಮಾಡಿಕೊಂಡು, "ಮೈಥಿಲಿಗೆ ಹೇಳ್ಬೇಡಮ್ಮ. ಸ್ಲೈಡ್ ಮಾಡ್ಬಿಡ್ತಾಳೆ" ಎಂದರು.

ಅಷ್ಟೇ. ನಾನು ಪಾತ್ರೆ ತೆಗೆದುಕೊಂಡು ಬಂದೆ. ಸಂಜೆಯಿಂದ ನೀವೇ ಪಕ್ಕದಲ್ಲಿದ್ದಿರಿ. ಮನೆಗೆ ಬರುತ್ತಿದ್ದ ನರ್ಸು ನಾಲ್ಕು ಗಂಟೆಗೇ ಹೋಗಿದ್ದಳು. ಮೂರು ಸುತ್ತು ಸುತ್ತಿ ತುದಿ ಸಿಕ್ಕಿಸಿದವರು ಯಾರು ಎಂದು ನೀವೇ ಲೆಕ್ಕ ಹಾಕಿ.

ಬಾಗಿಲಲ್ಲಿ ನೀವು ಬಯ್ದಾಗ ನಾನು ಬಾಯಿ ಬಿಡದೆ ಹೋದದ್ದು ಅದಕ್ಕೇ.

ಫಾದರ್‌ಗೆ ನಾನು ಹೇಳುತ್ತೇನೆ. ಲಕೋಟೆ ಮೇಜಿನ ಮೇಲೇ ಇರಲಿ, ಸ್ಟ್ಯಾಂಪ್ ಹಾಳಾದರೆ ಹಾಳಾಗಲಿ.

ನಿಮ್ಮ
ಲೂರ್ದು